ಬಸವಣ್ಣೆಪ್ಪನವರು ಪ್ರೀತಿಯಿಂದ ಕೊಟ್ಟ ಎಮ್ಮೆ

ನಮ್ಮ ಹಾಲಿನ ಡೇರಿಯ ಅಧ್ಯಕ್ಷ ಬಸವಣ್ಣೆಪ್ಪನವರನ್ನು ಯಾರಾದರೂ ಕೆಟ್ಟವರೆಂದರೆ ಮೊದಲು ಜಗಳಕ್ಕೆ ನಿಲ್ಲುವವನು ನಾನೇ. ಅವರು ಕೆಟ್ಟವರಾಗಿದ್ದರೆ ಎಷ್ಟೋ ಸಲೀಸಾಗಿತ್ತು. ಬೈದು ಕೈತೊಳೆದುಕೊಳ್ಳಬಹುದಿತ್ತು.

ಕೊಣ್ಣೂರಿನ ಬಾಜೂ ಇರುವ ನಮ್ಮೂರಿನಲ್ಲಿ ಅವರಿಗೆ ಆರೆಕರೆ ಕಬ್ಬು, ನಾಲ್ಕು ಎಮ್ಮೆ. ಹುಕ್ಕೇರಿಯಲ್ಲಾಗಲಿ, ಮೂಡಲಗಿಯಲ್ಲಾಗಲಿ, ‘ಮನುಷ್ಯರೆಲ್ಲ ಒಂದೇ’ ಎಂಬ ಭಾಷಣ ಬೇಕಾದರೆ ಅವರಿಗೇ ಕರೆ ಬರುತ್ತದೆ. ಮಾತಾಡುತ್ತ ಕಣ್ಣು ತುಂಬಿಕೊಳ್ಳುತ್ತಾರೆ. ಹೊದಿಸಿದ ಶಾಲು ಇಡಲಿಕ್ಕೆಂದೇ ಮನೆಯಲ್ಲಿ ಒಂದು ಟ್ರಂಕು ಇದೆ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಎಂಬ ಗಾದೆ ಅವರಿಗೆ ಹೊಂದುವುದಿಲ್ಲ. ಹೇಳುವುದನ್ನು ಅವರು ಮನಸಾರೆ ನಂಬಿದ್ದಾರೆ. ನನಗೆ ಸಿಟ್ಟು ಬರುವುದು ಅಲ್ಲಿಯೇ.

ನಾನು ಮಹಾಂತೇಶ, ಅದೇ ಡೇರಿಯ ಕಾರ್ಯದರ್ಶಿ. ಹಾಲು ಅಳೆದು, ಫ್ಯಾಟ್ ನೋಡಿ, ಹೆಸರಿನ ಮುಂದೆ ಬರೆಯುವವನು.

ಮೂರು ವರ್ಷದ ಹಿಂದೆ ಕೆಳಗಿನ ಓಣಿಯ ಕೆಂಪವ್ವ ಎಮ್ಮೆ ಕಟ್ಟಿದಳು. ಮರುದಿನ ಬೆಳಿಗ್ಗೆ ಹಾಲು ತಂದು ಪಾಳಿಯಲ್ಲಿ ನಿಂತಳು. ನಿಂತದ್ದೇ ತಡ, ಮುಂದಿದ್ದವನಿಗೆ ಹೊಲದ ಕೆಲಸ ನೆನಪಾಯಿತು, ಹಿಂದಿದ್ದವಳಿಗೆ ಒಲೆಯ ಮೇಲಿನ ಅನ್ನ. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಪಾಳಿ ಮಾತ್ರ ಕರಗಿತು. ಬಸವಣ್ಣೆಪ್ಪನವರು ಓಡೋಡಿ ಬಂದರು.

“ಯವ್ವಾ ಕೆಂಪವ್ವಾ, ಈ ವಯಸ್ಸಿನ್ಯಾಗ ನೀ ಯಾಕ ಪಾಳಿ ನಿಂದ್ರತಿ? ನಿನ್ನ ಹಾಲು ನಾನ ಮನಿಗೆ ಬಂದು ಒಯ್ಯತೇನಿ. ಡೇರಿಕಿಂತ ಹೆಚ್ಚಿಗೇನ ಕೊಡತೇನಿ.”

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಂದಿನಿಂದ ಕೆಂಪವ್ವನ ಹಾಲು ಅವರ ಬೈಕಿನ ಮೇಲೆ ಘಟಪ್ರಭಾಕ್ಕೆ ಹೋಗತೊಡಗಿತು, ಸ್ಟೇಷನ್ ಮುಂದಿನ ಚಹಾದಂಗಡಿಗೆ. ಪಾಳಿ ಬಿಟ್ಟು ಓಡಿದವರೆಲ್ಲ ರೈಲು ಹತ್ತುವ ಮುಂಚೆ ಅಲ್ಲೇ ಚಹಾ ಕುಡಿದು, ‘ಹಾಲಂದ್ರ ಇದು’ ಎಂದು ಮೀಸೆ ಒರೆಸಿಕೊಂಡರು.

ಈಚೆಗೆ ಕೆಂಪವ್ವನ ಎಮ್ಮೆ ಹೊಟ್ಟೆ ಉಬ್ಬಿ ಸತ್ತಿತು. ಡೇರಿಯ ಸದಸ್ಯರ ಎಮ್ಮೆ ಸತ್ತರೆ ವಿಮೆ ಬರುತ್ತದೆ. ಸದಸ್ಯರಾಗಬೇಕಾದರೆ ಆರು ತಿಂಗಳು ಡೇರಿಗೆ ಹಾಲು ಹಾಕಿರಬೇಕು. ಮೂರು ವರ್ಷ ಹಾಲು ಮಾರಿದ ಕೆಂಪವ್ವನ ಹೆಸರಿನಲ್ಲಿ ನನ್ನ ಪುಸ್ತಕದಲ್ಲಿ ಒಂದು ತೊಟ್ಟೂ ಇರಲಿಲ್ಲ. ಈ ನಿಯಮವನ್ನು ಡೇರಿಯ ಗೋಡೆಯ ಮೇಲೆ ಓದಿ ತಾಯಿಗೆ ಹೇಳಿದವಳು ಮಗಳು ಮಯೂರಿ, ಅರಭಾವಿ ಕಾಲೇಜಿನಲ್ಲಿ ಓದುವವಳು.

ಬಸವಣ್ಣೆಪ್ಪನವರು ಕೆಂಪವ್ವನ ಮನೆಗೆ ಹೋಗಿ ಅತ್ತರು. ಖರೆ ಅಳುವೇ. ಆ ಸಂಜೆಯೇ ತಮ್ಮ ಕೊಟ್ಟಿಗೆಯಿಂದ ಒಂದು ಎಮ್ಮೆಯನ್ನು ಕರು ಸಮೇತ ತಂದು ಅವಳ ಬಾಗಿಲಲ್ಲಿ ಕಟ್ಟಿದರು. ಊರೆಲ್ಲ ಕೊಂಡಾಡಿತು. ನಾನೂ ಕೊಂಡಾಡಿದೆ.

ಮರುದಿನ ಬೆಳಿಗ್ಗೆ ಕೆಂಪವ್ವ ಹಾಲು ಹಿಡಿದು ಡೇರಿಗೆ ಬಂದಳು. ಪಾಳಿ ಮತ್ತೆ ಕರಗಿತು.

“ಸಾವಕಾರ್ರ, ಇದು ನೀವು ಕೊಟ್ಟ ಎಮ್ಮೀದ ಹಾಲು. ನಿನ್ನಿ ಮುಂಜಾನಿ ಇದ ಕ್ಯಾನಿಗೆ ಬಿದ್ದೈತಿ. ಒಂದ ರಾತ್ರ್ಯಾಗ ಏನ ಆತ್ರಿ ಅದಕ್ಕ?”

ಎಮ್ಮೆಗೆ ಒಂದೇ ರಾತ್ರಿಯಲ್ಲಿ ಜಾತಿ ಬಂದಿತ್ತು. ನಾನು ಅಭ್ಯಾಸಬಲದಿಂದ ಅವಳ ಹಾಲಿನ ಫ್ಯಾಟ್ ನೋಡಿದೆ. ಏಳು ಬಂತು. ಪೆನ್ನು ಮಾತ್ರ ಎತ್ತಲಿಲ್ಲ.

“ನನ್ನ ಮನಸಿನ್ಯಾಗ ಏನೂ ಇಲ್ಲ ಯವ್ವಾ, ದೇವರಾಣಿ,” ಎಂದರು ಬಸವಣ್ಣೆಪ್ಪನವರು. “ಆದ್ರ ಮಂದಿ ಇನ್ನೂ ತಯಾರಿಲ್ಲ. ಒತ್ತಾಯ ಮಾಡಿದ್ರ ಹಾಲು ಹಾಕೋದ ಬಿಡತಾರ. ಪ್ರೀತಿಲೆ ಅವರ ಮನಸು ತಿರುಗಸೋಣು. ಅಲ್ಲೀತನಾ ನಾ ಮನಿಗೆ ಬಂದು ಒಯ್ಯತೇನಲ್ಲ?”

“ಅಲ್ಲೀತನಾ ಅಂದ್ರ ಎಷ್ಟ ವರ್ಷರಿ?”

“ಪ್ರೀತಿಗೆ ಯಾರರ ವಾಯಿದೆ ಹಾಕತಾರೇನವಾ?”

“ನಿಮ್ಮ ಪ್ರೀತಿಗೆ ಏನೂ ಕಮ್ಮಿ ಇಲ್ಲರಿ. ನನಗ ಬೇಕಾಗಿದ್ದು ಪಾಳಿ,” ಎಂದಳು ಕೆಂಪವ್ವ. ತಂದ ಹಾಲನ್ನು ಹಾಗೇ ಎತ್ತಿಕೊಂಡು ಹೋದಳು.

ಮಧ್ಯಾಹ್ನ ಎಮ್ಮೆಯನ್ನೂ ಕರುವನ್ನೂ ಹೊಡೆದುಕೊಂಡು ಬಂದು ಅವರ ಅಂಗಳದ ಗೂಟಕ್ಕೆ ಕಟ್ಟಿ, ಹಿಂದಿರುಗಿ ನೋಡದೆ ಹೋದಳು. ದುಡಿದು ತಿನ್ನುವ ಹೆಂಗಸು. ಆ ಎಮ್ಮೆ ಅವಳಿಗೆ ಬೇಕಾಗಿತ್ತು. ಬಸವಣ್ಣೆಪ್ಪನವರಿಗೆ ತುಂಬ ನೋವಾಯಿತು. “ಇಷ್ಟ ಜೀವ ಹಚ್ಚಿಕೊಂಡೆ, ನೋಡ ಮಾಂತೇಶ,” ಎಂದು ನನ್ನ ಮುಂದೆ ಕಣ್ಣೀರಿಟ್ಟರು. ಅಷ್ಟರಲ್ಲಿ ಅವರ ಹೆಂಡತಿ ಸುಂದ್ರವ್ವ ಎಮ್ಮೆಯ ಮೈಮೇಲೆ ಗೋಮೂತ್ರ ಚಿಮುಕಿಸುತ್ತಿದ್ದರು. ನಾನು ನೋಡಿದ್ದನ್ನು ಬಸವಣ್ಣೆಪ್ಪನವರು ನೋಡಿದರು.

“ದೃಷ್ಟಿ ತಗ್ಯಾಕತ್ತಾಳೋ, ಬ್ಯಾರೆ ಏನಿಲ್ಲ,” ಎಂದರು.

ಸಂಜೆ ಆ ಎಮ್ಮೆಯ ಹಾಲು ಡೇರಿಗೆ ಬಂತು. ಯಾರಿಗೂ ಹೊಲದ ಕೆಲಸ ನೆನಪಾಗಲಿಲ್ಲ. ಫ್ಯಾಟ್ ನೋಡಿದೆ. ಏಳೇ ಇತ್ತು. ಬಸವಣ್ಣೆಪ್ಪನವರ ಹೆಸರಿನ ಮುಂದೆ ಬರೆದು, ದೊಡ್ಡ ಕ್ಯಾನಿಗೆ ಸುರಿದೆ.

ಮೊನ್ನೆ ಕೆಂಪವ್ವ ಮಗಳನ್ನು ಕರೆದುಕೊಂಡು ಗೋಕಾಕಕ್ಕೆ ಹೋಗಿ ತಾಲೂಕು ಕಚೇರಿಯಲ್ಲಿ ದೂರು ಕೊಟ್ಟು ಬಂದಿದ್ದಾಳೆ. ಬಸವಣ್ಣೆಪ್ಪನವರು ಅದನ್ನು ಹೇಗೆ ಕ್ಷಮಿಸಬೇಕೆಂದು ಈಗಿನಿಂದಲೇ ಯೋಚಿಸುತ್ತಿದ್ದಾರೆ. ದೂರಿನಲ್ಲಿ ಮೊದಲ ಹೆಸರು ಅವರದು, ಎರಡನೆಯದು ನನ್ನದು. ಡೇರಿಗೆ ಬಂದ ಅದರ ಪ್ರತಿ ಓದಿ ನೋಡಿದೆ. ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ.