ಕುಕ್ಕರಿನ ಮೇಲೆ ಬಕ್ಕಪ್ಪನ ಹೆಸರು

ಕಂಗ್ಟಿಯ ಬಕ್ಕಪ್ಪನಿಗೆ ಐವತ್ತೆರಡು ವರ್ಷ. ಹೊಲದಲ್ಲಿ ಹಾವು ಕಂಡರೆ ಅಂಜುವವನಲ್ಲ. ಬಾಗಿಲಿಗೆ ಪೋಸ್ಟಿನವನು ಬಂದರೆ ಮಾತ್ರ ಎದೆ ಡವಗುಟ್ಟುತ್ತಿತ್ತು. ಸೀಲು ಬಿದ್ದ ಕಾಗದ ಯಾವುದೇ ಇರಲಿ, ತನ್ನನ್ನು ಹಿಡಿಯಲಿಕ್ಕೇ ಬಂದದ್ದು ಎಂದು ಅವನ ನಂಬಿಕೆ. ನಗುವ ಮುನ್ನ ನಮ್ಮ ಎದೆ ನಾವು ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು. ಪೊಲೀಸರು ದಾರಿಯಲ್ಲಿ ಕೈ ಅಡ್ಡ ಹಿಡಿದರೆ, ಕಾಗದವೆಲ್ಲ ಸರಿಯಿದ್ದೂ ತೊದಲುವವರ ಪೈಕಿ ನಾವೂ ಇದ್ದೇವೆ.

ಇಂಥವನು ಒಂದೇ ಒಂದು ಕಡೆ ಧೈರ್ಯವಾಗಿ ಹೆಸರು ಹಾಕಿಸಿದ್ದ. ತಂಗಿ ಚಂದ್ರಾಬಾಯಿಯ ಮಗಳು ನೇಹಾಳ ಮದುವೆಗೆಂದು ಜಹೀರಾಬಾದಿನ ಅಂಗಡಿಯಲ್ಲಿ ಐದು ಲೀಟರಿನ ಕುಕ್ಕರ್ ಕೊಂಡ. ಮದುವೆಗೆ ಕೊಡುವ ಪಾತ್ರೆಗೆ ಹೆಸರು ಕೆತ್ತಿಸುವುದು ರೂಢಿ. ಬಕ್ಕಪ್ಪ ಅದೇ ಅಂಗಡಿಯವನ ಕೈಯಿಂದ ಮುಚ್ಚಳದ ಮೇಲೊಂದು, ಪಾತ್ರೆಯ ಹೊಟ್ಟೆಯ ಮೇಲೊಂದು ಕೆತ್ತಿಸಿದ: ‘ಸೋದರಮಾವ ಬಕ್ಕಪ್ಪ, ಕಂಗ್ಟಿ’. ಬೀಗರು ಬೇಳೆ ಬೇಯಿಸಿದಾಗೆಲ್ಲ ಓದಲಿ ಎಂದು. ಬಿಲ್ಲು ಮಾತ್ರ ಬೇಡವೆಂದ. ಅದೂ ಸೀಲಿನ ಕಾಗದವೇ ಅಲ್ಲವೇ?

ಎಂಟು ತಿಂಗಳಾದ ಮೇಲೆ, ನಾರಾಯಣಖೇಡದ ನೇಹಾಳ ಮನೆಯಲ್ಲಿ, ಆ ಕುಕ್ಕರ್ ಸಿಡಿಯಿತು. ಸೀಟಿ ಹೊಡೆಯಲಿಲ್ಲ, ಬಿಸಿ ಮಿತಿಮೀರಿದಾಗ ಕರಗಿ ಉಗಿ ಬಿಡಬೇಕಾದ ಸೇಫ್ಟಿ ವಾಲ್ವ್ ಕರಗಲಿಲ್ಲ. ನೇಹಾಳ ಬಲಗೈ ಮೊಣಕೈವರೆಗೆ ಸುಟ್ಟಿತು. ಗಾಯ ಮಾಗಿದರೂ ಮೂರು ಬೆರಳು ಮಡಚಲಿಲ್ಲ. ಊರ ಹೆಂಗಸರಿಗೆಲ್ಲ ಜಂಪರು ಹೊಲಿಯುತ್ತಿದ್ದ ಕೈ ಅದು.

ಅವಳ ಗಂಡ ದತ್ತು, ಸಂಗಾರೆಡ್ಡಿ ಪಟ್ಟಣದಲ್ಲಿ ವಕೀಲರನ್ನು ಕಂಡು ಬಂದು ಫೋನು ಮಾಡಿದ. ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇವೆ, ಕುಕ್ಕರಿನ ಮೇಲೆ ನಿಮ್ಮ ಹೆಸರಿದೆ, ನೀವು ಬರಬೇಕು ಎಂದ. ಯಾಕೆಂದೂ ಹೇಳಿದ. ಆದರೆ ‘ನಿಮ್ಮ ಹೆಸರಿದೆ’ ಎಂಬುದರ ಮುಂದಿನದು ಬಕ್ಕಪ್ಪನ ಕಿವಿಗೆ ಬೀಳಲೇ ಇಲ್ಲ.

ಚಹಾದ ಅಂಗಡಿಯಲ್ಲಿ ಗಂಗಾರಾಮನನ್ನು, ಯಾರದೋ ಸುದ್ದಿ ಎಂಬಂತೆ, ಸುತ್ತಿ ಬಳಸಿ ಕೇಳಿದ. ಸರಕಾರದ ಕಾಯ್ದೆಗಳೆಲ್ಲ ಗಂಗಾರಾಮನ ನಾಲಿಗೆಯ ತುದಿಯಲ್ಲೇ ಇರುತ್ತಿದ್ದವು.

“ಮೋಟರ್‌ಸೈಕಲ್ ಯಾರಿಗರ ಬಡೀತಂದ್ರ ಪೊಲೀಸ್ರು ಯಾರಿಗೆ ಹಿಡೀತಾರ? ಗಾಡಿ ಯಾರ ಹೆಸರಿಗದ, ಅವಗ. ಕುಕ್ಕರಿಗೂ ಅದೇ ಕಾಯ್ದೆ,” ಎಂದ ಗಂಗಾರಾಮ, ಬಿಸ್ಕೀಟು ಅದ್ದುತ್ತ.

ಅಂದಿನಿಂದ ಬಕ್ಕಪ್ಪ ಜೀಪಿನ ಸಪ್ಪಳ ಕೇಳಿದರೆ ಕೊಟ್ಟಿಗೆಗೆ ಹೋಗಿ ಎಮ್ಮೆಯ ಹಿಂದೆ ನಿಲ್ಲುತ್ತಿದ್ದ. ಹೆಂಡತಿ ಒಲೆಯ ಮೇಲಿಟ್ಟ ಪಾತ್ರೆಯ ಮುಚ್ಚಳ ಕುಣಿದರೆ ಅಂಗಳಕ್ಕೆ ಓಡುತ್ತಿದ್ದ.

ನಾಲ್ಕನೆಯ ದಿನ ಕುಡಗೋಲು ಮಸೆಯುವ ಅರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಬಾಳೆಹಣ್ಣು ಹಿಡಿದು, ನಾರಾಯಣಖೇಡದ ಬಸ್ಸು ಹತ್ತಿದ. ನೇಹಾ ಚಹಾ ಮಾಡಲು ಒಳಗೆ ಹೋದದ್ದೇ ತಡ, ಮೂಲೆಯಲ್ಲಿದ್ದ ಗೋಣಿಚೀಲ ಬಿಚ್ಚಿದ. ಒಣಗಿದ ಬೇಳೆ ಇನ್ನೂ ಅಂಟಿಕೊಂಡಿತ್ತು. ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಟ್ಟೆಯ ಮೇಲಿನ ಹೆಸರನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಉಜ್ಜತೊಡಗಿದ. ಊರು ಹೋಯಿತು. ತನ್ನ ಹೆಸರು ಅರ್ಧ ಹೋಗುವಷ್ಟರಲ್ಲಿ ಬಾಗಿಲಲ್ಲಿ ನೇಹಾ ನಿಂತಿದ್ದಳು.

“ಮಾಮಾ, ಏನ್ ಮಾಡಾಕತ್ತೀರಿ?”

“ಹೆಸರು ತೆಗ್ಯಾಕತ್ತೀನವ್ವಾ. ನನಗ ಹಿಡ್ಕೊಂಡು ಹೋಗ್ತಾರ.”

ಅವಳು ಬೈಯಲಿಲ್ಲ, ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಗೋಡೆಗೊರಗಿ ಕುಳಿತಳು. ಅಂಟಿದ ಬೇಳೆಯನ್ನೂ ತೊಳೆಯಬೇಡಿ, ಪ್ರಯೋಗಾಲಯದವರು ನೋಡಬೇಕು ಎಂದಿದ್ದರಂತೆ ವಕೀಲರು. ಇನ್ನು ಕಂಪನಿಯವರು, ನೀವೇ ಕೆಡಿಸಿದ್ದೀರಿ ಎಂದು ಕೈ ತೊಳೆದುಕೊಳ್ಳಬಹುದು. ಆಮೇಲೆ ಅವಳು ನಿಧಾನವಾಗಿ ತಿಳಿಸಿ ಹೇಳಿದಳು. ಕೆಟ್ಟ ಸಾಮಾನು ಮಾಡಿದವರು ಉತ್ತರ ಕೊಡಬೇಕು, ಮಾರಿದವರನ್ನೂ ಕೇಳಬಹುದು. ಬೇರೆಯವರು ಕೊಂಡುಕೊಟ್ಟದ್ದನ್ನು ಬಳಸಿ ಗಾಯಗೊಂಡವಳಿಗೂ ಪರಿಹಾರ ಕೇಳುವ ಹಕ್ಕಿದೆ. ಪ್ರೀತಿಯಿಂದ ಕೊಂಡುಕೊಟ್ಟವನ ಮೇಲೆ ಯಾವ ಕೇಸೂ ಇಲ್ಲ.

“ಬಿಲ್ಲಂತೂ ಇಲ್ಲ. ಆ ಅಂಗಡ್ಯಾಗೇ ತಗೊಂಡದ್ದಂತ ತೋರ್ಸಾಕ ಅಂಗಡಿಯವ್ನೇ ಕೆತ್ತಿದ ನಿಮ್ಮ ಹೆಸರೇ ಇತ್ತು ಮಾಮಾ,” ಎಂದಳು.

ಇಷ್ಟು ದಿನ ತನ್ನ ಕೈಗೆ ಬೇಡಿ ಬೀಳುತ್ತದೆಂದು ಅಂಜಿದ್ದ ಬಕ್ಕಪ್ಪ, ಈಗ ಅವಳ ಕೈ ನೋಡಿ ಅಂಜಿದ. ಈ ಅಂಜಿಕೆಗೆ ಎಮ್ಮೆಯ ಮರೆ ಸಾಲುವಂತಿರಲಿಲ್ಲ.

ಉಜ್ಜಿದ್ದನ್ನು ಮುಚ್ಚಿಡಬೇಡಿ, ಬರೆದುಕೊಟ್ಟು ಸಹಿ ಹಾಕಿ ಎಂದರು ವಕೀಲರು. ಬಕ್ಕಪ್ಪ ಹಾಕಿದ. ಆಯೋಗದಲ್ಲಿ, ನಿರೀಕ್ಷಿಸಿದಂತೆಯೇ, ಕಂಪನಿಯ ವಕೀಲರು ಎದ್ದು ವಸ್ತುವನ್ನೇ ತಿದ್ದಲಾಗಿದೆ ಎಂದರು. ಅಧ್ಯಕ್ಷರು ಬಕ್ಕಪ್ಪನನ್ನೇ ಕರೆದು ಕೇಳಿದರು. 

“ನಾನೇ ತಿಕ್ಕೀನ್ರಿ ಸಾಹೇಬ್ರ, ಅಂಜಿ. ಹೊಟ್ಟೀ ಮ್ಯಾಲಿಂದಷ್ಟೇ. ಮುಚ್ಚಳಕ್ಕ ಕೈ ಹಚ್ಚಿಲ್ಲ, ಅದರ ಮ್ಯಾಲ ಹೆಸರು ಇನ್ನಾ ಅದ. ಹಿಡಿಯೋದಿದ್ರ ನನಗ ಹಿಡೀರಿ. ಹುಡುಗೀ ಕೇಸು ತೆಗೆದು ಹಾಕಬ್ಯಾಡ್ರಿ.”

ಯಾರೂ ಅವನನ್ನು ಹಿಡಿಯಲಿಲ್ಲ. ಕುಕ್ಕರನ್ನು ಸೀಲು ಮಾಡಿ ಪರೀಕ್ಷೆಗೆ ಕಳಿಸುವಂತೆ ಆದೇಶವಾಯಿತು. ಗೀರಿನ ಮಾತು ವರದಿ ಬಂದ ಮೇಲೆ ನೋಡೋಣವೆಂದರು. ಎರಡು ತಿಂಗಳಾಚೆಗೆ ತಾರೀಖು ಬಿತ್ತು.

ಹೊರಗೆ ಮೆಟ್ಟಿಲ ಮೇಲೆ ಕುಳಿತ ಬಕ್ಕಪ್ಪನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ವರದಿ ಏನು ಬರುತ್ತದೋ, ತನ್ನ ಗೀರೇ ದೊಡ್ಡದಾಗುತ್ತದೋ ಏನೋ. ಆ ತಾರೀಖಿಗೂ ತಾನು ಬರಲೇಬೇಕೇ ಎಂದು ಕೇಳಿದ. ಬರಬೇಕಾಗುತ್ತದೆ ಎಂದಳು ನೇಹಾ.

“ಅಂಜಿಕಿ ಆಗ್ತದವ್ವಾ.”

“ನನಗೂ ಆಗ್ತದ ಮಾಮಾ. ಬರ್ರಿ, ಇಬ್ರೂ ಕೂಡೇ ಕೂತು ಅಂಜೋಣ.”

ಬಸ್ಸು ಬರುವಷ್ಟರಲ್ಲಿ ಬಕ್ಕಪ್ಪ ದತ್ತುವಿನ ಹತ್ತಿರ ತಾರೀಖನ್ನು ಮೂರು ಸಲ ಕೇಳಿಕೊಂಡ.