ಅಮ್ಮ ಕರೆದೊಯ್ಯಲು ಬಂದ ಬೇಸಿಗೆ

ರಜೆ ಎಂದರೆ ಪೂರಾ ಎರಡು ತಿಂಗಳು ರಜೆಯೇ ಆಗಿದ್ದ ದಿನಗಳವು. ಉದ್ಯಾವರದ ನಮ್ಮ ಮನೆಯಲ್ಲಿ ತಮ್ಮ ಹುಟ್ಟಿದ ಮೇಲೆ ಅಮ್ಮನ ಆರೋಗ್ಯ ಕೆಟ್ಟು, ನನ್ನನ್ನು ಕಾರ್ಕಳದಲ್ಲಿ ಅವಳ ಅಕ್ಕನ ಮನೆಯಲ್ಲಿ ಬಿಟ್ಟಿದ್ದರು. ಕೆಲವು ತಿಂಗಳಿಗೆಂದು ಹೋದವಳು ಮೂರು ವರ್ಷ ಉಳಿದೆ. ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ.

ಆ ಮಧ್ಯಾಹ್ನ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ಕಾಗೆ ಓಡಿಸುವ ನೆಪದಲ್ಲಿ ನಾನು ಹಸಿ ಹಪ್ಪಳದ ಅಂಚು ಕಿತ್ತು ತಿನ್ನುತ್ತಿದ್ದೆ. ಅಮ್ಮ ಗೇಟು ತೆರೆದು ಬಂದಳು. ನಾನು ಓಡಿಹೋಗಿ ದೊಡ್ಡಮ್ಮನ ಸೆರಗಿನ ಹಿಂದೆ ನಿಂತೆ.

ಅಮ್ಮ ಅದನ್ನು ನೋಡಿದಳು. ಫೋನು ಮಾಡಿದಾಗಲೆಲ್ಲ ಮಗು ಮಲಗಿದೆ ಎಂದು ಯಾಕೆ ಹೇಳುತ್ತಿದ್ದೆ ಎಂದು ಅಕ್ಕನನ್ನು ಕೇಳಿದಳು.

"ಮಲಗಿರಲಿಲ್ಲ," ಎಂದಳು ದೊಡ್ಡಮ್ಮ. "ನಿನ್ನ ಸ್ವರ ಕೇಳಿದರೆ ಇವಳು ಊಟ ಬಿಡುತ್ತಿದ್ದಳು. ಮೊದಲು ಅದಕ್ಕೇ ಸುಳ್ಳು ಹೇಳಿದೆ. ಆಮೇಲೆ ನನಗೇ ಬಿಟ್ಟುಕೊಡುವ ಮನಸ್ಸಾಗಲಿಲ್ಲ. ತಪ್ಪು ನನ್ನದು."

ಅಮ್ಮ, ಈಗ ಮಾತಾಡಿದರೆ ಬೇಡದ್ದೇ ಬರುತ್ತದೆ ಎಂದು ಹಿತ್ತಿಲಿಗೆ ಹೋಗಿ, ಮುಖ ತೊಳೆದು ಬಂದು ಕೂತಳು.

"ಬಸ್ಸಿನಲ್ಲಿ ಜಗಳದ ಮಾತು ಜೋಡಿಸಿಕೊಂಡೇ ಬಂದಿದ್ದೆ ಅಕ್ಕ. ಸಿಟ್ಟು ಈಗಲೂ ಉಂಟು. ನೀನು ಸಾಕಿದ್ದೂ ಉಂಟು."

ಮತ್ತೆ ನನ್ನತ್ತ ತಿರುಗಿದಳು. "ನಿನಗೆ ಎಂತ ಬೇಕು? ನನಗೆ ಬೇಸರ ಆಗುತ್ತದೆ ಅಂತ ಸುಳ್ಳು ಹೇಳಬೇಡ."

ನನಗೆ ಇಲ್ಲೇ ಇರಬೇಕು ಎಂದೆ.

"ನನಗೆ ನೋವಾಯಿತು," ಎಂದಳು ಅಮ್ಮ, ಸ್ವರ ಏರಿಸದೆ. "ಆದರೂ ನಿಜ ಹೇಳಿದ್ದು ಒಳ್ಳೆಯದಾಯಿತು. ನಿನಗೆ ನನ್ನ ಗುರ್ತ ಆಗುವವರೆಗೆ ನಾನೂ ಇಲ್ಲೇ ಇರುತ್ತೇನೆ."

ಅಪ್ಪ ಮರುದಿನ ತಮ್ಮನನ್ನು ತಂದು ಬಿಟ್ಟ. ಅಕ್ಕ ತಂಗಿ ಎದುರುಬದುರು ಕೂತು ಹಪ್ಪಳ ಒತ್ತಿದರು. ಕೆಲವು ದಿನ ಅವರ ನಡುವೆ ಮಾತು ಕಡಿಮೆಯೇ ಇತ್ತು. ನಾನು ಮೊದಲು ಅಮ್ಮನಿಂದ ತಲೆ ಬಾಚಿಸಿಕೊಳ್ಳಲೂ ಒಪ್ಪಲಿಲ್ಲ. ಮೂರನೆಯ ವಾರ ಅವಳ ಮಗ್ಗುಲಲ್ಲೇ ಮಲಗಿದೆ. ಶಾಲೆ ತೆರೆಯುವ ಮುನ್ನ ಅವಳೊಂದಿಗೆ ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡಮ್ಮ ಕಣ್ಣೀರು ಮರೆಮಾಡಲಿಲ್ಲ. "ನನಗೆ ಅಳು ಬರುತ್ತಿದೆ, ಆದರೆ ನೀನು ಹೋಗುವುದೇ ಸರಿ," ಎಂದಳು.

ಈಗ ಅಮ್ಮ, ದೊಡ್ಡಮ್ಮ ಇಬ್ಬರೂ ಇಲ್ಲ. ತಮ್ಮ ಮಣಿಪಾಲದಲ್ಲಿದ್ದಾನೆ. ಅಮ್ಮನ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ನಾನು ಅವನಿಗೆ ಒಂದು ಮಾತು ಅಂದೆ, ಅವನು ಒಂದು ಮಾತು ಅಂದ. ಮಾತು ಬಿಟ್ಟು ಎರಡು ವರ್ಷವಾಯಿತು. ಹಬ್ಬಕ್ಕೆ ಅವನು ಹೂವಿನ ಚಿತ್ರ ಕಳಿಸುತ್ತಾನೆ, ನಾನು ಕೈಮುಗಿದ ಚಿತ್ರ ಕಳಿಸುತ್ತೇನೆ. ನಮ್ಮ ಮನೆಯಿಂದ ಅವನ ಮನೆಗೆ ಅರ್ಧ ಗಂಟೆಯ ದಾರಿ. ಅಮ್ಮನ ಹಾಗೆ ಬಸ್ಸು ಹತ್ತಿ ಹೋಗಿ ಗೇಟು ತೆರೆಯಲು ನನಗಿನ್ನೂ ಆಗಿಲ್ಲ.