ಅವ್ವನ ಎಡಗೈ

ಕಂಪ್ಲಿಯ ನಮ್ಮ ಓಣಿಯಲ್ಲಿ ಈ ಕಥೆ ಹೀಗಿದೆ: ಮಗಳು ಹೊಸಪೇಟೆಯಲ್ಲಿ ನಾಲ್ಕು ಅಕ್ಷರ ಕಲಿತು ಬಂದು ಅವ್ವನ ಎಡಗೈ ಬಳೆ ತೆಗೆಸಿದಳು, ಅಂದಿನಿಂದ ಆ ಕೈ ಬಾತುಕೊಂಡಿತು. ಆ ಮಗಳು ನಾನೇ. ಕೇಳಲು ಚೆನ್ನಾಗಿದೆ. ತೊಂದರೆ ಏನೆಂದರೆ, ಹಿಂದಿನದು ಮುಂದಾಗಿದೆ. ಕೈ ಬಾತದ್ದು ಮೊದಲು, ಬಳೆ ತೆಗೆದದ್ದು ಆಮೇಲೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಇಂಥ ವಾದ ತಂದಿದ್ದರೆ ಎದ್ದು ನಿಲ್ಲುವಷ್ಟರಲ್ಲಿ ಮುಗಿಸುತ್ತಿದ್ದೆ. ಓಣಿಯಲ್ಲಿ ತೀರ್ಪುಗಾರರಿಲ್ಲ, ಕಟ್ಟೆಯ ಮೇಲೆ ಕೂತವರೆಲ್ಲ ಎದುರು ತಂಡದವರೇ.

ಅವ್ವನ ಎಡ ಎದೆಯಲ್ಲಿ ಕ್ಯಾನ್ಸರ್ ಗಡ್ಡೆ ಎದ್ದು ಆಪರೇಷನ್ ಆಯಿತು. ಗಡ್ಡೆಯ ಜೊತೆ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಆಮೇಲೆ ಕೀಮೋ, ಅದು ಮುಗಿದ ಮೇಲೆ ಕರೆಂಟು ಕೊಟ್ಟರು. ರೇಡಿಯೇಷನ್ನಿಗೆ ನಮ್ಮ ಕಡೆ ಹಾಗೇ ಅನ್ನುವುದು. ಉದುರಿದ ಕೂದಲು ಮತ್ತೆ ಬಂದು, ಇನ್ನೇನು ಎಲ್ಲ ಮುಗಿಯಿತು ಅಂದುಕೊಂಡಿದ್ದೆವು. ಆಗ ಒಂದು ದಿನ ಅವ್ವ ಪಾತ್ರೆ ತೊಳೆಯುತ್ತ, "ಅಳತಿ ಒಂದೇ ಅಲ್ಲೇನು? ಬಲಗೈಯಾಗ ಬಳಿ ಆಡ್ತಾವ, ಎಡಗೈಯಾಗ ಅಲ್ಲಾಡವಲ್ವು" ಎಂದಳು. ಡಾಕ್ಟರಿಗಿಂತ ಮೊದಲು ಕಾಯಿಲೆ ಹಿಡಿದದ್ದು ಆ ಗಾಜಿನ ಬಳೆಗಳು.

ಪಕ್ಕದ ಮನೆಯ ಅತ್ತೆ, ಅಪ್ಪನ ಅಕ್ಕ, ಹರಳೆಣ್ಣೆ ಬಿಸಿ ಮಾಡಿಕೊಂಡು ಬಂದಳು. ಓಣಿಯ ಬಾಣಂತಿಯರ ಮೈಯನ್ನೆಲ್ಲ ತಿಕ್ಕಿ ಪಳಗಿದ ಕೈ ಅವಳದು. ಹೆಗಲಿನಿಂದ ಬೆರಳಿನವರೆಗೆ ಬಲವಾಗಿ ಎಳೆದೆಳೆದು ತಿಕ್ಕಿದಳು. "ಕೆಟ್ಟ ನೀರು ಇಳದೈತಿ, ಬೆರಳಿನಾಗಿಂದ ಹೋಗ್ತೈತಿ." ಹೋಗಲಿಲ್ಲ. ಬೆರಳುಗಳೂ ಬಾತವು.

ಅಷ್ಟರಲ್ಲಿ ಪಕ್ಕದ ಮೆಟ್ರಿ ಊರಿನಲ್ಲಿ ನೆಂಟರ ಮದುವೆ. ಬಳೆ ಇಡಿಸುವ ದಿನ ಬಳೆಗಾರ್ತಿ ಅವ್ವನ ಎಡಗೈ ಹಿಡಿದು ನೋಡಿ, "ಇದು ಬ್ಯಾಡ ಬಿಡ್ರಿ" ಅಂದಳು. ಅತ್ತೆ ಬಿಟ್ಟಾಳೆಯೇ?

"ನನ್ನ ತಮ್ಮ ಸಂಡೂರಿನಾಗ ಗಣಿ ಲಾರಿ ಓಡಸ್ತಾನ. ಅಂವ ಘಾಟಿ ಇಳಿಯೋ ಹೊತ್ತಿನ್ಯಾಗ ಹೇಣ್ತಿ ಬರಿಗೈಲೆ ಕುಂದ್ರಬೇಕೇನು? ಸೋಪು ಹಚ್ಚು, ಹೋಗ್ತಾವ."

ಸೋಪು ಹಚ್ಚಿ ತಳ್ಳಿದರು. ಹೋದವು. ಒಂದು ಬಿರುಕುಬಿಟ್ಟು ಮಣಿಕಟ್ಟನ್ನು ಗೀರಿತು. ಸಾಸಿವೆಯಷ್ಟು ಗಾಯ. ಮರುದಿನ ಕೈ ಮೊಣಕೈವರೆಗೆ ಕೆಂಪಗೆ ಕಾದ ಹಂಚಾಗಿತ್ತು, ಅವ್ವ ಚಳಿಜ್ವರದಲ್ಲಿ ನಡುಗುತ್ತಿದ್ದಳು. ಹೊಸಪೇಟೆಯ ಆಸ್ಪತ್ರೆಯಲ್ಲಿ ನರ್ಸು ಬಟ್ಟೆ ಸುತ್ತಿ ಬಳೆಗಳನ್ನು ಒಡೆದು ತೆಗೆಯಬೇಕಾಯಿತು. ಕೇಳಿದರು, ನಾನು ಹೂಂ ಅಂದೆ. ಗಂಡ ಇರುವ ಹೆಣ್ಣಿನ ಬಳೆ ಒಡೆಯಲು. ಅವ್ವ ಜ್ವರಕ್ಕೆ ಅತ್ತಿರಲಿಲ್ಲ, ಆಗ ಅತ್ತಳು. ಓಣಿಯ ಕಥೆ ಹುಟ್ಟಿದ್ದು ಇಲ್ಲಿಂದ.

ಡಾಕ್ಟರು ಲಿಂಫೆಡಿಮಾ ಎಂದರು. ಲಿಂಫ್ ಅಂದರೆ ಶಾಲೆಯ ಪುಸ್ತಕದಲ್ಲಿ ದುಗ್ಧರಸ ಅಂತ ಓದಿ ಮರೆತದ್ದು: ರಕ್ತನಾಳದಿಂದ ಹೊರಗೆ ಒಸರಿದ ನೀರು, ಅದನ್ನು ಮತ್ತೆ ರಕ್ತಕ್ಕೆ ಸೇರಿಸಲು ಬೇರೆಯೇ ದಾರಿ ಇದೆ. ಕಂಕುಳಿನ ಗ್ರಂಥಿ ಹೋದರೆ ಆ ದಾರಿ ಅಲ್ಲಿಗೆ ನಿಲ್ಲುತ್ತದೆ, ನೀರು ಕೈಯಲ್ಲೇ ಉಳಿಯುತ್ತದೆ. ಸೋಂಕು ಇಳಿದ ಮೇಲೆ ನಮ್ಮನ್ನು ಫಿಸಿಯೋಥೆರಪಿಯ ಮೇಡಂ ಹತ್ತಿರ ಕಳಿಸಿದರು. ಅವರು ಕೈಯನ್ನು ಮುಟ್ಟಲೇ ಇಲ್ಲ. ಮೊದಲು ಕುತ್ತಿಗೆಯ ಬುಡ, ಆಮೇಲೆ ಚೆನ್ನಾಗಿರುವ ಬಲ ಕಂಕುಳು, ಆಮೇಲೆ ಎದೆ. ಅದೂ ಮಗುವಿನ ಕೆನ್ನೆ ಸವರಿದಷ್ಟು ಮೆಲ್ಲಗೆ. ನನಗೆ ಸುಮ್ಮನಿರಲಾಗಲಿಲ್ಲ.

"ಅಲ್ಲ ಮೇಡಂ, ಗಟ್ಟಿ ತಿಕ್ಕಿದ್ರೇ ಹೋಗಲಾರದ್ದು ಹಿಂಗ ಸವರಿದ್ರ ಹೆಂಗ ಹೋಗ್ತೈತ್ರಿ?"

"ನಾಳ ಚರ್ಮದ ಕೆಳಗೇ ಇರ್ತಾವ್ರಿ. ಒತ್ತಿದ್ರ ಮುಚ್ಚಿಕೊಂತಾವ. ಮೊದಲು ಮುಂದಿನ ಜಾಗ ಖಾಲಿ ಆಗಬೇಕು."

"ಇದಕ್ಕ ಪುರಾವೆ?"

ಅವರು ನಕ್ಕರು. "ನೀವು ವಕೀಲರೇನು? ಬರೇ ಇದರಿಂದ ಎಷ್ಟು ಇಳೀತೈತಿ ಅನ್ನೋದರಾಗ ನಮ್ಮವರಾಗೇ ಜಗಳ ಐತ್ರಿ. ಬ್ಯಾಂಡೇಜ್ ಬಿಟ್ಟು ಇದೊಂದೇ ಮಾಡಿದ್ರ ಉಪಯೋಗ ಕಮ್ಮಿ. ಮತ್ತ, ಇದು ಪೂರ್ತಿ ವಾಸಿ ಆಗೋದಲ್ಲ. ಹಿಡಿತದಾಗ ಇಟ್ಕೋಬೇಕು, ಅಷ್ಟ."

ವಾಸಿಯಾಗುವುದಿಲ್ಲ ಎಂದು ನೇರವಾಗಿ ಹೇಳಿದವರು ಅವರೊಬ್ಬರೇ. ಅದಕ್ಕೇ ನಂಬಿದೆ. ಮಲಗಿದ್ದ ಅವ್ವ ಮಾತ್ರ ಮೊದಲೇ ಒಪ್ಪಿಬಿಟ್ಟಿದ್ದಳು: "ಕೆಳಗಿನ ಗದ್ದಿ ಬದು ಕಡೀಲಾರದ ಮ್ಯಾಲಿನ ಗದ್ದಿ ನೀರು ಎಲ್ಲಿಗೆ ಹೋಗ್ಬೇಕು? ಸುಮ್ನಿರವಾ, ಮಾಡ್ಲಿ ಅವರು."

ಬೆರಳ ತುದಿಯಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲ: ಬ್ಯಾಂಡೇಜು ಸುತ್ತುವುದನ್ನು ಕಲಿತೆ. ಕೆಲಸಕ್ಕೆಂದು ಹೊಸಪೇಟೆಯಲ್ಲಿ ಹಿಡಿದಿದ್ದ ಬಾಡಿಗೆ ಕೋಣೆ ಬಿಟ್ಟು ಮನೆಗೆ ಬಂದೆ. ಸಂಜೆ ಕೆಲಸದಿಂದ ಬಸ್ಸಿನಲ್ಲಿ ಬಂದು, ಬ್ಯಾಂಡೇಜು ಬಿಚ್ಚಿ, ಕೈ ತೊಳೆದು ಒರೆಸಿ, ಕುತ್ತಿಗೆಯಿಂದ ಶುರುಮಾಡಿ ಸವರಿ, ಮತ್ತೆ ಸುತ್ತುತ್ತೇನೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಒಂದು ಕೈಗೆ ಬಳಿ, ಒಂದು ಕೈಗೆ ಅರಿವಿ. ಎಂಥಾ ಮುತ್ತೈದಿ ಮಾಡಿಟ್ಟೀಯಲೇ ನಿಮ್ಮವ್ವನ್ನ!"

"ಅತ್ತೀ, ಬಳಿ ಇದ್ರ ಲಾರಿಗೆ ಏನೂ ಆಗಲ್ಲ ಅಂದ್ರ, ಮತ್ತ ಬ್ರೇಕ್ ಯಾಕ ಇಟ್ಟಾರ?"

ಅತ್ತೆ ಸೆರಗು ಕೊಡವಿಕೊಂಡು ಹೊರಟುಹೋದಳು. ನಾನು ಗೆದ್ದೆ. ಆಮೇಲೆ ಅತ್ತೆ ಬರುವುದು ನಿಂತಿತು. ಅರಿಶಿಣ ಕುಂಕುಮಕ್ಕೆ ಅವ್ವನನ್ನು ಕರೆಯುವುದೂ ನಿಂತಿತು. ಒಬ್ಬರು ಮಾತ್ರ ಕರೆದರು, ಅವ್ವನೇ ಹೋಗಲಿಲ್ಲ. ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೇ ಇರುತ್ತಾಳೆ. ವಾರಕ್ಕೊಮ್ಮೆ ಬರುವ ಅಪ್ಪ ಉಂಡು ಮಲಗುತ್ತಾನೆ. ಕೈಯ ಬಗ್ಗೆ ಏನೂ ಅನ್ನುವುದಿಲ್ಲ, ನೋಡುವುದೂ ಇಲ್ಲ. ನಾನು ಸವರುವಾಗ ಅವ್ವ ಗೋಡೆಯ ಕಡೆ ಮುಖ ಮಾಡುತ್ತಾಳೆ. ಹೀಗೆ ಅವಳ ಮೈ ಮುಟ್ಟಿದ್ದು ಚಿಕ್ಕಂದಿನಲ್ಲಿ ಪಕ್ಕ ಮಲಗುತ್ತಿದ್ದಾಗ. ಆಗ ಇಬ್ಬರಿಗೂ ಮಾತು ಮುಗಿಯುತ್ತಿರಲಿಲ್ಲ. ಈಗ ಬೆರಳಿಗೆ ಅವಳ ಉಸಿರು ಸಿಗುತ್ತದೆ, ಮಾತು ಸಿಗುವುದಿಲ್ಲ. ನಾನಾದರೂ ಯಾರ ಹತ್ತಿರ ಹೇಳಿಕೊಳ್ಳಲಿ? ನನ್ನ ಕಡೆ ನ್ಯಾಯ ಇತ್ತು, ಜನ ಇರಲಿಲ್ಲ.

ಕೈ ಇಳಿಯಿತು. ಮೊಣಕೈಯ ಗೆರೆಗಳು ಮತ್ತೆ ಕಂಡವು. ಮೇಡಂ ಟೇಪು ಹಿಡಿದು ಅಳೆದು "ಚಲೋ ಆಗೈತಿ" ಅಂದ ದಿನ ಬಸ್ಸಿನಲ್ಲಿ ಅವ್ವ ಕಿಟಕಿಯಾಚೆ ನೋಡುತ್ತ ಒಮ್ಮೆ ನಕ್ಕಳು. ನನಗೆ ಅಷ್ಟು ಸಾಕಾಗಿತ್ತು.

ಮೊನ್ನೆ ಸಂಜೆ ಬಿಚ್ಚಲು ಕೂತೆ. ಬ್ಯಾಂಡೇಜಿನ ಸುತ್ತು ನನ್ನದಾಗಿರಲಿಲ್ಲ. ಒಂದೇ ಕೈಯಲ್ಲಿ ಹೇಗೋ ಸುತ್ತಿದ್ದು. ಪೂರ್ತಿ ಬಿಚ್ಚಿದಾಗ ಮಣಿಕಟ್ಟಿನ ಸುತ್ತ ಕೆಂಪು ಗೆರೆಗಳು, ಒಂದರ ಪಕ್ಕ ಒಂದು, ದುಂಡಗೆ. ಆ ದಿನ ಅಪ್ಪನ ಲಾರಿ ಘಾಟಿಯಲ್ಲಿತ್ತು. ನಾನು ಬಸ್ಸು ಹತ್ತಿದ ಮೇಲೆ ಹಾಕಿಕೊಂಡು, ಬರುವ ಹೊತ್ತಿಗೆ ತೆಗೆದಿಟ್ಟಿದ್ದಾಳೆ. ಕೈಯನ್ನು ಬಳೆ ಹೋಗುವಷ್ಟು ಇಳಿಸಿಕೊಟ್ಟವಳು ನಾನೇ.

ಚರ್ಮ ಎಲ್ಲೂ ಹರಿದಿರಲಿಲ್ಲ. ಮತ್ತೆ ಗೀರಿದರೆ, ಮತ್ತೆ ಆ ಜ್ವರ ಬಂದರೆ ಏನಾಗುತ್ತದೆ ಎಂದು ಹೇಳಲು ನನ್ನ ಹತ್ತಿರ ಎಲ್ಲ ವಾದವೂ ಇತ್ತು. ಅವನ್ನು ಪಕ್ಕಕ್ಕಿಟ್ಟೆ. ಕುತ್ತಿಗೆಯಿಂದ ಶುರುಮಾಡಿ ಸವರಿದೆ, ಹೊಸದಾಗಿ ಸುತ್ತಿದೆ. ಅವಳು ಗೋಡೆಯ ಕಡೆ ತಿರುಗಿಯೇ ಇದ್ದಳು.

"ನಾಳಿಗೂ ಅಪ್ಪ ಲಾರಿ ಮ್ಯಾಲೇ ಇರ್ತಾನ. ನಾ ಬರೋತನಕ ಈ ಸುತ್ತು ಹಿಂಗೇ ಇರ್ತೈತೇನವ್ವಾ?"